ದ್ವಾದಶಿ ಬೆಳಿಗ್ಗೆ ಅಕ್ಕನ ಕೈ

ಡಯಾಲಿಸಿಸ್ ಸೂಜಿ ಚುಚ್ಚಲೆಂದು ಅಕ್ಕನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಜೇನುಹುಳ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ಆ ಸದ್ದು ನಿಂತರೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ, ದಿನಾ ಮುಟ್ಟಿ ನೋಡಿ ಎಂದಿದ್ದರು ಡಾಕ್ಟರು. ಸೀತೂರಿನ ಮನೆಯಲ್ಲಿ ಬೆಳಿಗ್ಗೆ ಆ ಕೆಲಸ ನನ್ನದು.

ನೀರು ಕಡಿಮೆ ಕುಡಿಯಿರಿ ಎಂದೂ ಅವರು ಹೇಳಿದ್ದರು. ಅಕ್ಕನಿಗೆ ಅಷ್ಟೇ ಸಾಕಾಯಿತು. ಶಿವಮೊಗ್ಗದಲ್ಲಿ ಡಯಾಲಿಸಿಸ್ ಮುಗಿಸಿ ಬಂದ ಮರುದಿನ ಏಕಾದಶಿ. ಉಪವಾಸ ಕೂತವಳು ಹನಿ ನೀರೂ ಮುಟ್ಟಲಿಲ್ಲ.

"ದೇವರೂ ಡಾಕ್ಟರೂ ಒಂದೇ ಮಾತು ಹೇಳ್ತಿದಾರಲ್ಲ ಮಾರಾಯ, ನಿಂದೆಂತ ತಕರಾರು?" ಎಂದಳು.

ಕಡಿಮೆ ಅಂದರೆ ಪೂರಾ ಬಿಡು ಅಂತಲ್ಲ, ಬಿ.ಪಿ. ಇಳಿದರೆ ರಕ್ತ ಅಲ್ಲೇ ಕಟ್ಟಿಕೊಳ್ಳುತ್ತದೆ ಎಂದು ಕೂಗಾಡಿದೆ. ಅವಳು ಕಣ್ಣು ಮುಚ್ಚಿ ಜಪಕ್ಕೆ ಕೂತಳು. ಬಾಯಿಗೆ ನೀರು ಸುರಿಯಲಾಗುತ್ತದೆಯೇ?

ದ್ವಾದಶಿ ಬೆಳಿಗ್ಗೆ ಕೈ ಮುಟ್ಟಿದೆ. ಏನೂ ಇಲ್ಲ. ಬೆರಳು ಸರಿಸಿ ನೋಡಿದೆ, ಕಿವಿಯಿಟ್ಟು ಕೇಳಿದೆ. ತಣ್ಣಗಿತ್ತು. ಶಿವಮೊಗ್ಗಕ್ಕೆ ಹೋಗಲು ಜೀಪಿನವನಿಗೆ ಫೋನ್ ಮಾಡಿ ಜಗಲಿಯಲ್ಲಿ ಕೂತೆ.

ನನ್ನ ಮುಖ ನೋಡಿದ ಅಕ್ಕ ಒಳಗೆ ಹೋದಳು. ಒಂದು ಲೋಟ ನೀರು ಗಟಗಟ ಕುಡಿದು ಬಂದು ಮತ್ತೆ ಕೈ ಚಾಚಿದಳು.

"ಈಗ ಕುಡಿದೆನಲ್ಲ, ಇನ್ನೊಂದ್ಸಲ ನೋಡು."