ರೈಫಲ್ ಜಾಕೆಟ್ಟಿಗೆ ಹಾಕಿದ ಗಂಜಿ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ದೋಸೆ ಹೊಯ್ದೆ. ಮಿಕ್ಸಿಯ ಜಾರು ತಿರುಗುತ್ತಿರಲಿಲ್ಲ, ರಿಪೇರಿಯವನಿಗೆ ಕೊಟ್ಟೆ. ಅಲ್ಲಿಂದ ಹಾಗೇ ನಾಗೇಶ್ ಸರ್ ಮನೆಗೆ ನಡೆದು ಹೋಗಿ, ‘ಆ ಜಾಕೆಟ್ಟನ್ನು ಗಡುಸು ಮಾಡಿದ್ದು ನಾನು, ಶಬಾನಾ ಅಲ್ಲ, ಅವಳ ಅಬ್ಬನೂ ಅಲ್ಲ’ ಎಂದು ಹೇಳಿದೆ. ಬರುವಾಗ ಕೊತ್ತಂಬರಿ ಸೊಪ್ಪು ತಂದೆ.

ಇಷ್ಟೇ, ಶಬಾನಾ. ಇಷ್ಟನ್ನು ಹೇಳಲಿಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಎದುರಿಗೆ ಬಂದರೆ ಮೊದಲು ಬಸ್ಸು, ಸೆಖೆ, ಮೊಣಕಾಲು ನೋವು ಅಂತ ಶುರು ಮಾಡುತ್ತೇನೆ — ನನ್ನ ಬಾಯಿ ನಿನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ನಿನ್ನ ಅಣ್ಣನ ಮಗಳೂ ಓದಲಿ.

ನೀನೂ ನನ್ನ ಸುಮಾಳೂ ಆಗ ಪಿಯುಸಿ. ಕೊಪ್ಪದಲ್ಲಿ ಸರ್ ನಡೆಸುತ್ತಿದ್ದ ರೈಫಲ್ ತರಗತಿಗೆ ನೀನು ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಿಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಜಾಕೆಟ್ — ದಪ್ಪ ಕ್ಯಾನ್ವಾಸಿನದು, ಮೊಣಕೈಗೂ ಭುಜಕ್ಕೂ ಚರ್ಮದ ತೇಪೆ ಹಾಕಿದ್ದು. ಮತ್ತೆ ಆ ಆಟದ ನಿಯಮಗಳೋ, ದೇವರೇ! ಜಾಕೆಟ್ ದಪ್ಪ ಇರಬಹುದು, ಆದರೆ ಗಡುಸು ಇರಬಾರದು. ಮೈಗೆ ಬಿಗಿಯಾಗಬಾರದು, ಗುಂಡಿ ಹಾಕಿದ ಮೇಲೂ ಎರಡು ಅಂಚುಗಳನ್ನು ಒಂದರ ಮೇಲೊಂದು ಇಷ್ಟು ಅಗಲ ಎಳೆದುಕೊಳ್ಳುವಂತಿರಬೇಕು. ಬೂಟಿನ ಅಟ್ಟೆ ಬಗ್ಗಬೇಕು. ಕಣ್ಣಿಗೆ ಅಡ್ಡ ಹಾಕುವ ಪಟ್ಟಿಗೂ ಒಂದು ಅಳತೆ. ಮದುವೆಗೆ ಹೆಣ್ಣು ನೋಡುವವರೂ ಇಷ್ಟು ತಕರಾರು ತೆಗೆಯುವುದಿಲ್ಲ ಎಂದು ನಾನು ಬೇಸತ್ತು ಹೇಳುತ್ತಿದ್ದೆ. ಸುಮಾ, ‘ಅಮ್ಮ, ಜಾಕೆಟ್ ಗಡುಸಾದ್ರೆ ಅದೇ ಬೆನ್ನನ್ನ ಎತ್ತಿ ಹಿಡಿಯುತ್ತೆ, ಆಗ ಹೊಡೆಯೋದು ನಾವಲ್ಲ, ಬಟ್ಟೆ’ ಎಂದು ವಿವರಿಸಿದ್ದಳು. ವಿವರಿಸಿದ್ದಳು ಎಂಬುದನ್ನು ಇಲ್ಲಿ ಬರೆದೇ ಬರೆಯುತ್ತೇನೆ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಶಿವಮೊಗ್ಗದ ಸ್ಪರ್ಧೆಗೆ ನೀನು ಆಯ್ಕೆಯಾದೆ, ಸುಮಾ ಆಗಲಿಲ್ಲ. ಜಾಕೆಟ್ ಆ ವಾರ ನಮ್ಮ ಮನೆಯಲ್ಲಿತ್ತು. ಬೆವರು ನಾತ, ಕಂಕುಳಲ್ಲಿ ಬೂಷ್ಟು. ಕಾಲರಿನ ಒಳಗೆ ಒಗೆಯಬಾರದು ಎಂಬ ಗುರುತಿದ್ದ ಪಟ್ಟಿ ಇತ್ತು, ನೋಡಿದ್ದೆ. ಆದರೂ — ಹೆರವರ ಮನೆಗೆ ಗಲೀಜು ಬಟ್ಟೆ ಕಳಿಸುವುದು ಹೇಗೆ? ನೆನೆಸಿ, ಒಗೆದು, ಕೊನೆಗೆ ಅನ್ನ ಬಸಿದ ಗಂಜಿಯಲ್ಲಿ ಅದ್ದಿ ತೆಗೆದೆ. ನಮ್ಮ ಮನೆಯಲ್ಲಿ ಸೀರೆ, ಪಂಚೆ, ದಿಂಬಿನ ಚೀಲ ಯಾವುದೂ ಗಂಜಿ ಕಾಣದೆ ಹಗ್ಗ ಏರುವುದಿಲ್ಲ. ಕೈ ತನ್ನಷ್ಟಕ್ಕೆ ಹೋಯಿತು. ಬಚ್ಚಲೊಲೆಯ ಮೇಲೆ ಒಣಗಿಸಿದೆ. ಚರ್ಮದ ತೇಪೆಗೆ ಕೊಬ್ಬರಿ ಎಣ್ಣೆ ಸವರಿದೆ. ಎಷ್ಟು ಚೊಕ್ಕ ಆಯಿತು ಎಂದು ಹಿಗ್ಗಿದೆ, ಪೆದ್ದಿ.

ಅದನ್ನು ನೀನು ಮನೆಗೆ ಒಯ್ದೆ. ನಿನಗೆ ಸಡಿಲ ಸಾಲದೆಂದು ನಿನ್ನ ಅಬ್ಬ ಗುಂಡಿಗಳನ್ನು ಸರಿಸಿ ಹೊಲಿದರು — ದರ್ಜಿಗೆ ಅದೆಂಥ ದೊಡ್ಡ ಕೆಲಸ. ಶಿವಮೊಗ್ಗದಲ್ಲಿ ನೀನು ಚೆನ್ನಾಗಿಯೇ ಹೊಡೆದೆ. ಮುಗಿದ ಮೇಲೆ ಪರೀಕ್ಷೆಗೆ ನಿನ್ನನ್ನು ಕರೆದರು. ಬಟ್ಟೆಯ ಮೇಲೆ ತೂಕ ಒತ್ತಿ, ಎಷ್ಟು ತಗ್ಗುತ್ತದೆ ಎಂದು ಯಂತ್ರದ ಮುಳ್ಳಿನಲ್ಲಿ ನೋಡಿದರು. ತಗ್ಗಲಿಲ್ಲ. ನಿನ್ನ ಹೆಸರು ಹೊಡೆದು ಹಾಕಿದರು. ‘ನನಗೆ ಬರುವಾಗಲೇ ಹೀಗಿತ್ತು ಸರ್’ ಎಂದು ನೀನು ಅಳುತ್ತಾ ಹೇಳಿದೆಯಂತೆ.

ಮರುದಿನ ನಿನ್ನ ಅಬ್ಬ ಅಂಗಡಿ ಮುಚ್ಚಿ ಕೊಪ್ಪಕ್ಕೆ ಬಂದರು. ತರಗತಿಯಲ್ಲಿ ನಾಲ್ಕಾರು ತಂದೆತಾಯಿಗಳು ಇದ್ದರು, ನಾನೂ ಇದ್ದೆ. ಒಳಗೆ ಏನೋ ಸೇರಿಸಿ ಹೊಲಿದಿದ್ದಾರೆ ಎಂದು ಆಗಲೇ ಪಿಸುಪಿಸು ನಡೆದಿತ್ತು. ಅವರು ಜಾಕೆಟ್ಟಿನ ಒಳಮೈ ತಿರುಗಿಸಿ ಎಲ್ಲರಿಗೂ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ಅಕ್ಕಾ, ನೀವಾದ್ರೂ ಹೇಳಿ. ನೀವು ಕೊಡುವಾಗ ಇದು ಹೇಗಿತ್ತು?’

‘ಮೆತ್ತಗೇ ಇತ್ತು.’

ಇದೇ ನನ್ನ ಮಾತು. ಎರಡೇ ಶಬ್ದ. ನಿನ್ನನ್ನು ಸುಳ್ಳಿಯನ್ನಾಗಿ, ಅವರನ್ನು ಮೋಸಗಾರರನ್ನಾಗಿ ಮಾಡಲು ಅಷ್ಟು ಸಾಕಾಯಿತು. ಅವರು ನನ್ನನ್ನೇ ನೋಡಿದರು, ಬೈಯಲಿಲ್ಲ. ಜಾಕೆಟ್ಟನ್ನು ಮಡಿಸಿ ಮೇಜಿನ ಮೇಲಿಟ್ಟು ಹೋದರು. ಆಮೇಲೆ ನೀನು ರೈಫಲ್ ಮುಟ್ಟಲಿಲ್ಲ.

ಯಾಕೆ ಹಾಗೆ ಹೇಳಿದೆ? ಗಂಜಿ ಎಂದರೆ ನಗುತ್ತಾರೆಂಬ ನಾಚಿಕೆ — ಅದೊಂದೇ ಎಂದು ಬರೆಯಬೇಕೆಂದಿದ್ದೆ. ಅಲ್ಲ. ಮುಂದಿನ ಸಲ ಸುಮಾಳಿಗೆ ಜಾಗ ಸಿಕ್ಕೀತು ಎಂಬುದೂ ತಲೆಯಲ್ಲಿ ಹೊಳೆದಿತ್ತು. ಮತ್ತೆ — ಅನುಮಾನ ಯಾರ ಮನೆ ಕಡೆ ಸಲೀಸಾಗಿ ವಾಲುತ್ತದೆ ಎಂಬುದು ನನಗೆ ಗೊತ್ತಿತ್ತು. ಸುಮಾ ಮನೆಗೆ ಬಂದು, ‘ನೀನು ಒಗೆದಿದ್ಯಲ್ಲಮ್ಮ?’ ಎಂದಳು. ‘ಬರೀ ನೀರಲ್ಲಿ’ ಎಂದೆ. ಅವಳು ಮತ್ತೆ ಕೇಳಲಿಲ್ಲ. ನನ್ನ ಜೊತೆ ಆ ಆಟದ ಸುದ್ದಿಯನ್ನೂ ಎತ್ತಲಿಲ್ಲ.

ನಿನ್ನೆ ಶೃಂಗೇರಿಯಿಂದ ನಿನ್ನ ಫೋನ್ ಬಂತು. ‘ಆಂಟಿ, ಅಣ್ಣನ ಮಗಳು ಆಯಿಷಾ ರೈಫಲ್ ಕಲೀತೀನಿ ಅಂತ ಹಟ ಹಿಡಿದಿದ್ದಾಳೆ. ನಮ್ಮ ಮನೆಯವಳು ಅಂದ್ರೆ ಸರ್ ಸೇರಿಸ್ಕೊಳ್ತಾರಾ? ನೀವೊಂದು ಮಾತು ಹೇಳ್ತೀರಾ?’ ನಾನು! ನನ್ನ ಹತ್ತಿರ! ಇನ್ನು ಯಾರೂ ಸಿಗಲಿಲ್ಲವೇನೇ ನಿನಗೆ? ಫೋನ್ ಇಟ್ಟು ನಿನ್ನ ಮೇಲೇ ಸಿಟ್ಟು ಮಾಡಿಕೊಂಡೆ, ನೋಡು ನನ್ನ ಬುದ್ಧಿ. ನಮ್ಮವರಿಗೆ ಹೇಳಿದರೆ, ‘ಈಗೆಂತಕ್ಕೆ ಕೆದಕ್ತಿ ಮಾರಾಯ್ತಿ, ಸುಮ್ನಿರು’ ಎಂದರು. ಸುಮ್ಮನಿದ್ದದ್ದು ಸಾಲದೇನೋ ಎಂಬಂತೆ.

ಸರ್ ಏನು ಮಾಡಿದರು ಗೊತ್ತಾ? ನಕ್ಕರು. ‘ಅನ್ನದ ಗಂಜಿಯಾ? ಅಲ್ಲ ಮಾರಾಯ್ರೆ, ಅದು ಜಾಕೆಟ್ಟೋ, ಪುರೋಹಿತರ ಪಂಚೆಯೋ?’ ಕೆಮ್ಮು ಬರುವವರೆಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

‘ನಗಬೇಡಿ ಸರ್. ಅವರ ಮನೆಗೆ ಎಂತ ಹೇಳ್ತೀರಿ, ಅದನ್ನು ಹೇಳಿ.’

‘ಹಳೇ ಕಥೆ. ಅವರು ಯಾವತ್ತೋ ಮರೆತಿರ್ತಾರೆ ಬಿಡಿ.’

‘ಮರೆತಿದ್ರೆ ಒಂದು ಮಗುವನ್ನ ಸೇರಿಸೋಕೆ ಶಬಾನಾ ಹೆದರ್ತಾ ಕೇಳ್ತಿದ್ದಳಾ?’

‘ಆ ದಿನ ನಾನೂ ಅವಳನ್ನ ನಂಬಲಿಲ್ಲ’ ಎಂದರು ಸರ್. ಆಯಿಷಾಳನ್ನು ಕಳಿಸು, ಶಬಾನಾ. ಸರ್ ತಾವೇ ಫೋನ್ ಮಾಡುತ್ತಾರೆ.

ನನ್ನ ಪಾಲಿನದು ಫೋನಿನಲ್ಲಿ ಮುಗಿಯುವುದಿಲ್ಲ. ಸಂಜೆ ನಿನ್ನ ಅಬ್ಬನ ಅಂಗಡಿಗೆ ಹೋಗುತ್ತೇನೆ. ಗಿರಾಕಿಗಳು ಹೋಗಲಿ ಎಂದು ಕಾಯುವುದಿಲ್ಲ, ಅವರು ನಿಂತಿರುವಾಗಲೇ ಹೇಳುತ್ತೇನೆ. ಕ್ಷಮೆ ಕೇಳುವುದೂ ಇಲ್ಲ — ಕೇಳಿದರೆ ಆ ಮನುಷ್ಯ ಕೊಟ್ಟುಬಿಡುತ್ತಾರೆ.

ಮಧ್ಯಾಹ್ನ ಸೌತೆಕಾಯಿ ಹುಳಿ, ಹಪ್ಪಳ. ಊಟ ಸೇರಲಿಲ್ಲ ಎಂದರೆ ಸುಳ್ಳು, ಎರಡು ಸಲ ಬಡಿಸಿಕೊಂಡೆ. ನಮ್ಮವರು ಮುಖದ ಮೇಲೆ ಪೇಪರ್ ಹಾಕಿಕೊಂಡು ಮೊದಲೇ ನಿದ್ದೆ ಹೋದರು. ನಾನು ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿಕೊಂಡು ಕೂತಿದ್ದೇನೆ.