ಚಪ್ಪಲಿ ಕಾಯುವವಳ ಸಮುದ್ರ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ನೀರಿನ ಟ್ಯಾಂಕರಿನ ಪೈಪು ಸಂಪಿನಿಂದ ಜಾರಿ ಹೊರಬಿತ್ತು.

ಹೈದರಾಬಾದಿನ ನಮ್ಮ ಮಣಿಕೊಂಡದಲ್ಲಿ ಟ್ಯಾಂಕರ್ ಬಂದರೆ ಹಬ್ಬ, ಬಾರದಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಯುದ್ಧ. ಅಂಥ ನೀರು ನೆಲದ ಮೇಲೆ ಬುಳುಬುಳು ಹರಿಯತೊಡಗಿತು. ಡ್ರೈವರ್ ಓಡಿದ. ಸೆಕ್ರೆಟರಿ ಕೂಗಾಡಿದರು. ವಾಚ್‌ಮನ್ ಹೆಂಡತಿ ಲಕ್ಷ್ಮಮ್ಮ ಪೊರಕೆ ಹಿಡಿದು ಬಂದು, "ಜರಗಂಡಿ ಮೇಡಂ, ಜರಗಂಡಿ!" ಎಂದಳು.

ನಾನು ಜರುಗಲಿಲ್ಲ. ಚಪ್ಪಲಿ ಬಿಟ್ಟು, ಸೀರೆಯನ್ನು ತುಸು ಎತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟೆ. ನೀರು ಪಾದದ ಮೇಲೆ ಬಂತು. ಬೆರಳ ಸಂದಿಯಲ್ಲಿ ಸರಿದು ಹೋಯಿತು. ಆಹಾ!

"ಏಮೈಂದಿ ಮೇಡಂ?" ಎಂದಳು ಲಕ್ಷ್ಮಮ್ಮ ಗಾಬರಿಯಿಂದ. ಏನಾಯಿತು ಎಂದರೆ ಏನು ಹೇಳಲಿ? ಸಮುದ್ರ ಬಂದಿತ್ತು ಕಣೇ ಅಂತಲೇ?

ನೀವು ನಗುತ್ತೀರಿ, ಗೊತ್ತು. ಮೊನ್ನೆ ತಾನೇ ಐದೂ ಜನ ಕಾರವಾರದಿಂದ ಮರವಂತೆಯ ತನಕ ಸಮುದ್ರದ ಪಕ್ಕದಲ್ಲೇ ಕಾರಿನಲ್ಲಿ ಸುತ್ತಿ ಬಂದವರು ನಾವು. (ಹೋಗುವ ಮುಂಚೆ ಇದೇ ಅಂಕಣದಲ್ಲಿ ಜಂಬ ಕೊಚ್ಚಿಕೊಂಡಿದ್ದೆ, ನೆನಪಿರಬಹುದು.) ಅಂಥವಳಿಗೆ ಟ್ಯಾಂಕರ್ ನೀರಿನಲ್ಲಿ ಸಮುದ್ರ ಹುಡುಕುವ ದುರ್ಗತಿ ಯಾಕೆ ಬಂತು?

ಹೇಳುತ್ತೇನೆ. ನಾನು ಸಮುದ್ರವನ್ನು ನೋಡಿ ಬಂದೆ. ಮುಟ್ಟಿ ಬರಲಿಲ್ಲ.

ನನ್ನೂರು ಶಹಾಪುರದ ಕಡೆ, ಭೀಮಾ ನದಿಯ ಹತ್ತಿರ. ಬೇಸಿಗೆಯಲ್ಲಿ ನದಿ ಅಂದರೆ ಬರೀ ಕಲ್ಲು, ಮರಳು. ಮದುವೆಯಾಗಿ ಬಂದದ್ದು ಹೈದರಾಬಾದಿಗೆ. ಇಲ್ಲಿ ಹುಸೇನ್ ಸಾಗರವಿದೆ, ಹೆಸರಿಗೆ ಮಾತ್ರ ಸಾಗರ. ಹಾಗಾಗಿ ಸಮುದ್ರ ಅಂದರೆ ನನಗೆ ಸಣ್ಣವಳಿದ್ದಾಗಿನಿಂದ ಒಂದೇ ಆಸೆ. ಈಜಬೇಕಿಲ್ಲ, ದೋಣಿ ಬೇಡ. ಅಲೆ ತಾನಾಗಿ ಬಂದು ಕಾಲು ತೋಯಿಸಬೇಕು, ಅಷ್ಟೇ. ಇಷ್ಟು ವರ್ಷ ಕಾದು, ತಲೆಗೂದಲು ನೆರೆತ ಮೇಲೆ ಹೊರಟಿದ್ದೆ.

ಕಾರಿನಲ್ಲಿ ನಮ್ಮ ಮನೆಯವರು, ಡಿಗ್ರಿ ಓದುವ ಮಗಳು ಅನು, ಪಿಯುಸಿಯ ಮಗ ಪವನ್, ಉಪ್ಪಲ್‌ನಲ್ಲಿ ರೂಮು ಮಾಡಿಕೊಂಡಿರುವ ಮೈದುನ ರವಿ. ಡಿಕ್ಕಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ. ಮೊದಲ ನಿಲುಗಡೆ ಕಾರವಾರ. ಎಲ್ಲರಿಗೂ ಕಾಳಿ ನದಿಯಲ್ಲಿ ಕಯಾಕಿಂಗ್ ಮಾಡುವ ಹುಮ್ಮಸ್ಸು. ಆದರೆ ಐದು ಮೊಬೈಲು, ಪರ್ಸು, ವಾಚು? ಎಲ್ಲಕ್ಕಿಂತ ಮುಖ್ಯವಾಗಿ ಕಾರಿನ ರಿಮೋಟ್ ಕೀ? ಅದು ನೀರಿಗೆ ಬಿದ್ದರೆ ಮನೆಗೆ ಬಸ್ಸೇ ಗತಿ.

"ಬ್ಯಾಗ್ ಗಾಡ್ಯಾಗ ಇಟ್ಟು ಹೋದ್ರ ಗ್ಲಾಸ್ ಒಡೀತಾರ," ಎಂದರು ನಮ್ಮ ಮನೆಯವರು. "ನೀ ಇಲ್ಲೇ ಕುಂದ್ರು. ನಾವು ಹಿಂಗ ಹೋಗಿ ಹಂಗ ಬರ್ತೀವಿ."

ಕೂತೆ. ಹಿಂಗ ಹೋದವರು ಹಂಗ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಗೋಕರ್ಣದಲ್ಲಿ ಬಂಡೆಗಳ ಮೇಲಿನ ದಾರಿ ಹಿಡಿದು ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಟ್ರೆಕ್ಕಿಂಗ್. ನಾನು ಬ್ಯಾಗುಗಳ ಜೊತೆ ಚಹಾದಂಗಡಿಯ ಬೆಂಚಿನ ಮೇಲೆ. ಮುರ್ಡೇಶ್ವರದಲ್ಲಿ ಅವರಿಗೆ ಬನಾನಾ ಬೋಟ್ ರೈಡು. ನಾನು ಮರಳಿನ ಮೇಲೆ, ಸುತ್ತ ನಮ್ಮವರ ಚಪ್ಪಲಿಗಳ ಸಾಲು. ಅಲ್ಲೊಂದು ತಮಾಷೆ ನಡೆಯಿತು. ಮೈಸೂರು ಕಡೆಯ ಸಂಸಾರವೊಂದು ಬಂದು ತಮ್ಮ ಚಪ್ಪಲಿಗಳನ್ನೂ ನನ್ನ ಸಾಲಿಗೆ ಜೋಡಿಸಿತು. ಯಜಮಾನರು ವಿನಯದಿಂದ ಕೇಳಿದರು, "ಅಮ್ಮಾ, ಟೋಕನ್ ಏನಾದ್ರೂ ಕೊಡ್ತೀರಾ?"

ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಟೋಕನ್ ಇಲ್ರೀ, ಹೋಗಿ ಬರ್ರಿ, ನಾ ನೋಡ್ಕೋತೀನಿ," ಎಂದೆ. ಅವರದನ್ನೂ ಕಾದೆ.

ಆಮೇಲೆ ನಮ್ಮವರಿಗೆ ಇದನ್ನು ಹೇಳಿದಾಗ ಕಾರೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಕಿಟಕಿಯಾಚೆ ಸಮುದ್ರ ನಮ್ಮ ಜೊತೆಗೇ ಓಡಿ ಬರುತ್ತಿತ್ತು, ತೆಂಗಿನ ಮರಗಳ ಹಿಂದೆ ಅಡಗಿ ಮತ್ತೆ ಮತ್ತೆ ಇಣುಕುತ್ತಿತ್ತು.

ಒಂದು ಮಾತು ನಿಜ ಹೇಳಬೇಕು. ನನ್ನನ್ನು ಯಾರೂ ಕಟ್ಟಿ ಹಾಕಿರಲಿಲ್ಲ. ಕುಂದ್ರು ಅಂದರು, ಕೂತೆ. ಹಾಗೆ ಕೂರುವುದು ನನಗೆ ಗೊತ್ತಿತ್ತು. ಯಾಕೆಂದರೆ ನನ್ನವ್ವನೂ ಹೀಗೆಯೇ ಕೂರುತ್ತಿದ್ದಳು.

ಸಂಕ್ರಾಂತಿಗೆ ನಮ್ಮ ಕಡೆ ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮುಳುಗು ಹಾಕುತ್ತಾರೆ. ದಂಡೆಯಲ್ಲಿ ಸಜ್ಜೆ ರೊಟ್ಟಿ, ತರಕಾರಿಯ ಭರ್ತದ ಊಟ. ನಾವೆಲ್ಲ ಕಿರುಚಾಡುತ್ತ ನೀರಿಗೆ ಬಿದ್ದರೆ ಅವ್ವ ದಂಡೆಯಲ್ಲಿ ಬಟ್ಟೆ, ಬುತ್ತಿ, ಚಪ್ಪಲಿ ಕಾಯುತ್ತ ಕೂತಿರುತ್ತಿದ್ದಳು. ಕಾಗೆ ಓಡಿಸುವವಳೂ ಅವಳೇ. ಕೊನೆಗೆ ಅಪ್ಪ ತಂಬಿಗೆಯಲ್ಲಿ ನೀರು ತಂದು ಕೊಟ್ಟರೆ ಅದನ್ನೇ ತಲೆಗೆ ಚಿಮುಕಿಸಿಕೊಂಡು, "ನೀವು ಮುಳುಗಿದ್ರ ನಾ ಮುಳುಗಿದ್ಹಂಗ ಆತು," ಎನ್ನುತ್ತಿದ್ದಳು. ಆಗ ಅದು ಎಷ್ಟು ದೊಡ್ಡ ಮಾತು ಅನಿಸಿತ್ತು! ಈಗ ಅನಿಸುತ್ತದೆ, ಅವ್ವನಿಗೆ ಹೊಳೆಯ ನಡುವೆ ನಿಲ್ಲುವ ಆಸೆ ಇರಲಿಲ್ಲ ಅಂತ ನಮಗೆ ಹೇಳಿದ್ದು ಯಾರು?

ಕೊನೆಯ ನಿಲುಗಡೆ ಮರವಂತೆ. ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಸಂಜೆಯ ಬಿಸಿಲು ಎರಡೂ ನೀರಿನ ಮೇಲೆ ಬಿದ್ದಿತ್ತು. ನೋಡಿ ಹೊಟ್ಟೆಯೊಳಗೆಲ್ಲ ತಣ್ಣಗಾಯಿತು. ಎಂದಿನಂತೆ ಅವರು ಓಡಿದರು, ನಾನು ಕೂತೆ.

ಸ್ವಲ್ಪ ಹೊತ್ತಿಗೆ ಅನು ಒದ್ದೆ ಕಾಲಿನಲ್ಲಿ ವಾಪಸು ಬಂದಳು. "ಮಮ್ಮಿ, ನೀ ಹೋಗು. ನಾ ಕುಂದರ್ತೀನಿ."

ಅದನ್ನು ಕೇಳಿ ನನಗಾದ ಖುಷಿ ಹೇಳಲಾರೆ. ಎದ್ದವಳೇ ನಡೆದೆ. ಒಣ ಮರಳು ಮುಗಿಯಿತು, ತಣ್ಣನೆಯ ಹಸಿ ಮರಳು ಶುರುವಾಯಿತು. ಎದುರಿಗೆ ಒಂದು ಅಲೆ ಎದ್ದಿತು. ಬಾ, ಎಂದೆ ಮನಸ್ಸಿನಲ್ಲೇ.

ಸುಮ್ಮನೆ ಒಮ್ಮೆ ಹಿಂದಿರುಗಿ ನೋಡಿದೆ. (ಕಾಯುವವರ ಚಟ ಇದು, ಬಿಡುವುದಿಲ್ಲ.) ಅನು ಕೂತಿದ್ದಳು. ಅವಳ ಚಿಕ್ಕಪ್ಪ ಎಲ್ಲೆಂದರಲ್ಲಿ ಎಸೆದು ಹೋಗಿದ್ದ ಚಪ್ಪಲಿಗಳನ್ನು ಹೆಕ್ಕಿ, ಮರಳು ಕೊಡವಿ, ಜೋಡಿ ಜೋಡಿ ಮಾಡಿ ಇಟ್ಟಳು. ಬ್ಯಾಗುಗಳನ್ನು ಸುತ್ತ ಎಳೆದುಕೊಂಡಳು. ಮೊಬೈಲುಗಳನ್ನು ಮಡಿಲಿಗೆ ಹಾಕಿಕೊಂಡು ಮೊಣಕಾಲು ಮಡಚಿ, ಗಲ್ಲಕ್ಕೆ ಕೈಕೊಟ್ಟು ಕೂತಳು. ಥೇಟ್ ನನ್ನವ್ವ!

ಹತ್ತೊಂಬತ್ತರ ಹುಡುಗಿ. ಇದನ್ನು ಇವಳಿಗೆ ಕಲಿಸಿದವರು ಯಾರು?

ಅಲೆ ನನ್ನ ಪಾದದ ಹತ್ತಿರ ಬರುವ ಮೊದಲೇ ತಿರುಗಿ ನಡೆದೆ.

"ಏಳು."

"ಯಾಕ? ಇಷ್ಟ್ ಲಗೂ ಆತಾ?"

"ಹೂಂ, ಆತು. ಏಳು ಅಂದ್ನಲ್ಲ, ಹೋಗು."

ಅವಳು ನನ್ನ ಒಣಗಿದ ಕಾಲು ನೋಡಲಿಲ್ಲ, ಪುಣ್ಯಕ್ಕೆ. ದುಪಟ್ಟಾ ಹಾರಿಸಿಕೊಂಡು ನೀರಿಗೆ ಓಡಿದಳು. ಅವಳು ಅಲೆಯಲ್ಲಿ ಕುಣಿಯುವುದನ್ನು ನೋಡುತ್ತ ಕೂತೆ. ಸಂತೋಷವಾಯಿತು. ಆದರೆ ಅವ್ವನ ಮಾತು ನನ್ನ ಬಾಯಿಂದ ಬರಲಿಲ್ಲ. ಅವಳು ಮುಳುಗಿದರೆ ನಾನು ಮುಳುಗಿದ ಹಾಗೆ ಆಗಲಿಲ್ಲ. ನನ್ನ ಕಾಲು ಒಣಗಿಯೇ ಇತ್ತು, ನನಗೆ ಸಮುದ್ರ ಬೇಕಾಗಿತ್ತು.

ಅಷ್ಟರಲ್ಲಿ "ಹೊತ್ತಾತು, ಗಾಡಿ ಹತ್ರಿ" ಎಂಬ ಅಪ್ಪಣೆಯಾಯಿತು. ಹತ್ತಿದೆವು.

ಹೀಗೆ ಉಳಿದುಹೋದ ಸಮುದ್ರವೇ ಭಾನುವಾರ ಟ್ಯಾಂಕರಿನಲ್ಲಿ ಬಂದಿದ್ದು. ಲಕ್ಷ್ಮಮ್ಮ ಪೊರಕೆಯಿಂದ ಅದನ್ನೂ ಗಟಾರಕ್ಕೆ ತಳ್ಳಿದಳು.

ಒದ್ದೆ ಕಾಲಿನಲ್ಲೇ ಮೇಲೆ ಬಂದರೆ ಮನೆಯಲ್ಲಿ ಮುಂದಿನ ಟ್ರಿಪ್ಪಿನ ಪ್ಲಾನು. ಸಂಕ್ರಾಂತಿ ರಜೆಗೆ ವಿಶಾಖಪಟ್ಟಣ, ಅಲ್ಲಿಂದ ಭೀಮಿಲಿಯವರೆಗಿನ ಬೀಚ್ ರೋಡು. ರವಿಯೂ ಬಂದಿದ್ದ. ಟೀವಿಯಲ್ಲಿ ಕ್ರಿಕೆಟ್ಟು.

"ಅಲ್ಲಿ ಬ್ಯಾಗ್ ಹತ್ರ ಯಾರ್ ಕುಂದರ್ತೀರಿ?" ಎಂದರು ನಮ್ಮ ಮನೆಯವರು. ಮೊದಲು ನನ್ನನ್ನು ನೋಡಿದರು. ನಾನು ಒದ್ದೆ ಕಾಲು ಒರೆಸಿಕೊಳ್ಳತೊಡಗಿದೆ. ಆಮೇಲೆ ಅನುವಿನ ಕಡೆ ತಿರುಗಿದರು.

ಸೋಫಾದ ಮೇಲೆ ಅಪ್ಪ, ಮಗ, ಚಿಕ್ಕಪ್ಪ ಮೂವರೂ ಕಾಲು ಚಾಚಿ ಕೂತಿದ್ದರು, ಬೆಳಿಗ್ಗೆಯಿಂದ ಕದಲಿರಲಿಲ್ಲ.

ಇಷ್ಟು ಚೆನ್ನಾಗಿ ಕೂರಲು ಬರುವ ಗಂಡಸರಿಗೆ ಸಮುದ್ರದ ದಂಡೆಯಲ್ಲಿ ಮಾತ್ರ ಯಾಕೆ ಕೂರಲು ಬರುವುದಿಲ್ಲ?