ಅನುಮಾನದ ಕಾಮಾಕ್ಷಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಜರಾತಿನ ಕೊಯಾಲಿಯ ತೈಲ ರಿಫೈನರಿ ಶುರುವಾಗಿ ಮೂರು ವರ್ಷ, ಕಾಲೊನಿಯ ಗೋಡೆಗಳ ಸುಣ್ಣ ಇನ್ನೂ ಹೊಸದು. ಒಂದು ಮನೆಯ ಬಚ್ಚಲಲ್ಲಿ ಕಾಮಾಕ್ಷಮ್ಮ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಾರೆ. ಕಣ್ಣು ಮಾತ್ರ ಬಾಗಿಲಲ್ಲಿ ನಿಂತ ಬಾಣಂತಿ ಜಯಂತಿಯ ಮೇಲೆ.

"ನಿದ್ದೆ ಬಂತೇನಮ್ಮ?"

"ಹೂಂ."

ಈ 'ಹೂಂ' ಅವರು ನಂಬುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಪೈಕಿ. ಮತ್ತೆ ಕೇಳುತ್ತಾರೆ.

ತಿಪಟೂರಿನ ಕಡೆಯವರು. ರೈಲ್ವೆಯಲ್ಲಿದ್ದ ಗಂಡ ವಡೋದರಾಕ್ಕೆ ಕರೆತಂದು, ತಾವೇ ಮೊದಲು ಕಣ್ಮುಚ್ಚಿದರು. ಅಂದಿನಿಂದ ಬಸುರಿಯರ ಕಾಲು ನೀವುವುದು, ಕೂಸುಗಳಿಗೆ ಎಣ್ಣೆನೀರು ಹಾಕುವುದೇ ಹೊಟ್ಟೆಪಾಡು. ಬಿಸಿಲೇರುವಷ್ಟರಲ್ಲಿ ನಾಲ್ಕು ಮನೆ ಮುಗಿಯಬೇಕು.

ಹೋದ ವರ್ಷ ಈ ಅನುಮಾನವೇ ಅವರ ಅನ್ನಕ್ಕೆ ಕಲ್ಲು ಹಾಕಿತ್ತು. ಇಂಜಿನಿಯರ್ ಅನಂತರಾಮರ ಹೆಂಡತಿ ಊರ್ಮಿಳಾ ಆಗ ಐದು ತಿಂಗಳ ಬಸುರಿ. ಊಟ ಸೇರದು, ಮಾತಿಲ್ಲ, ಕಾಲು ನೀವುತ್ತಿದ್ದರೆ ಸುಮ್ಮನೆ ಕಣ್ಣೀರು. ತವರಿನ ನೆನಪೆಂದು ಅತ್ತೆ ಗೌರಮ್ಮ ದೃಷ್ಟಿ ತೆಗೆಯುತ್ತಿದ್ದರು.

"ನಾನು ಅತ್ತೆ ಮೇಲೇ ಅನುಮಾನ ಪಟ್ಟೆ, ಹೊಟ್ಟೆಗೆ ಹಾಕ್ತಿಲ್ಲ ಅಂತ. ಪಾಪ, ಆಯಮ್ಮ ತುತ್ತು ಮಾಡಿ ತಿನ್ನಿಸೋರು!" ಎಂದು ಕಾಮಾಕ್ಷಮ್ಮ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಹುಟ್ಟುವ ಕೂಸಿನ ಬಟ್ಟೆಗೆಂದು ಮೆತ್ತನೆಯ ಹಳೇ ಸೀರೆ ಎತ್ತಿಡುವುದು ನಮ್ಮಲ್ಲಿ ರೂಢಿ. ಕೇಳಿದಾಗ ಊರ್ಮಿಳಾ ತಂದಿತ್ತದ್ದು ಧಾರೆ ಸೀರೆ! "ಹರಿದುಬಿಡಿ, ನನಗಿನ್ಯಾಕೆ? ಮಗೂನ ನೀವೇ ನೋಡ್ಕೊಳ್ಳಿ."

ಅತ್ತೆಗೆ ತೋರಿಸೋಣವೆಂದು ಕಾಮಾಕ್ಷಮ್ಮ ಸೀರೆ ಚೀಲಕ್ಕೆ ತುರುಕಿ ಗೌರಮ್ಮನನ್ನು ಹುಡುಕಿ ಹೊರಟರೆ, ಬಾಗಿಲಲ್ಲೇ ಆಕೆ ಎದುರಾದರು. ಚೀಲದಿಂದ ಜರಿಯಂಚು ಇಣುಕುತ್ತಿತ್ತು.

"ಅಯ್ಯೋ ಕಳ್ಳಿ! ಸೊಸೆ ಮಂಕಾಗಿರೋದು ನೋಡ್ಕೊಂಡು ಮನೆ ದೋಚ್ತೀಯಾ?"

ಅಕ್ಕಪಕ್ಕದವರು ನೆರೆದರು. ಅವರೆದುರು ನಿಜ ಹೇಳಿದರೆ ಹುಡುಗಿಗೆ ಹುಚ್ಚಿಯ ಪಟ್ಟ, ಹೇಳದಿದ್ದರೆ ತನ್ನ ಕೆಲಸಕ್ಕೆ ಸಂಚಕಾರ. ಕಾಮಾಕ್ಷಮ್ಮ ಬೈಗುಳ ನುಂಗಿಕೊಂಡು, ಜನ ಚದುರಿದ ಮೇಲೆ ಗೌರಮ್ಮನ ಕೈ ಹಿಡಿದರು.

"ಕಳ್ಳಿ ಅಂತಲೇ ಇಟ್ಕೊಳ್ಳಿ ಗೌರಮ್ಮನವರೇ. ಆದ್ರೆ ಹುಡುಗೀನ ಒಬ್ಬಳನ್ನೇ ಬಿಡಬೇಡಿ. ಸಾಯೋ ಮಾತಾಡ್ತಿದಾಳೆ."

ಗೌರಮ್ಮ ಒಳಗೆ ಓಡಿ ಸೊಸೆಯನ್ನು ಕೇಳಿದರು. ಊರ್ಮಿಳಾ ಇಲ್ಲವೆನ್ನಲಿಲ್ಲ. ಅಂದೇ ಮೂವರೂ ವಡೋದರಾ ಬಸ್ಸು ಹತ್ತಿದರು. "ಇದು ಸೊಕ್ಕೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ, ಕಾಯಿಲೆ. ಬೇಗ ಬಂದಿದ್ದು ಒಳ್ಳೇದಾಯ್ತು" ಎಂದ ಲೇಡಿ ಡಾಕ್ಟರು ಮನಸ್ಸಿನ ವೈದ್ಯರ ಬಳಿಗೂ ಕಳಿಸಿದರು. ತಿಂಗಳುಗಟ್ಟಲೆ ಓಡಾಟ. ಒಂದು ಬೆಳಗ್ಗೆ ಊರ್ಮಿಳಾ ತಾನಾಗಿ ಗೊಜ್ಜವಲಕ್ಕಿ ಕೇಳಿದಾಗ ಗೌರಮ್ಮ ಒಲೆ ಮುಂದೆ ಕೂತು ಅತ್ತುಬಿಟ್ಟರಂತೆ.

ಸೊಸೆಯ ಹೆಸರು ಕೆಟ್ಟೀತೆಂದು ಮನೆಯವರೂ ಹೇಳದೆ, ಕಾಲೊನಿಗೆ ಇದೇನೂ ಗೊತ್ತಾಗಲಿಲ್ಲ. ಮನೆಗಳು ಒಂದೊಂದಾಗಿ ಕಾಮಾಕ್ಷಮ್ಮನನ್ನು ಬಿಟ್ಟವು. ಕೊನೆಗೆ ಮಗುವಿನ ನಾಮಕರಣದ ದಿನ, ತುಂಬಿದ ಮನೆಯಲ್ಲಿ, ಊರ್ಮಿಳಾ ಎದ್ದು ನಿಂತಳು. "ಇವರು ಕದೀಲಿಲ್ಲ. ನಾನೇ ಸಾಯ್ಬೇಕು ಅಂದ್ಕೊಂಡಿದ್ದೆ. ಇವರು ಬಿಡ್ಲಿಲ್ಲ."

ಆಗ ಹೇಗನ್ನಿಸಿತು ಎಂದು ಕೇಳಿದರೆ ಕಾಮಾಕ್ಷಮ್ಮ ಎಣ್ಣೆ ಕೈ ಒರೆಸಿಕೊಳ್ಳುತ್ತಾರೆ.

"ಅಪವಾದ ಹೋಯ್ತು, ಸರಿ. ಆದ್ರೆ ಊಟ ಆದ್ಮೇಲೆ ಒಬ್ಬ ಬಸುರಿ ಹಿತ್ತಲಿಗೆ ಬಂದು, 'ಅಮ್ಮಾ, ನನಗೂ ಹಂಗೇ ಆಗ್ತಿದೆ' ಅಂದ್ಲು. ತಾನಾಗೇ ಬಂದ್ಲು ನೋಡಿ! ಅವಳೊಬ್ಬಳ ಮಾತು ಮಾತ್ರ ನಾನು ಮರುಮಾತಿಲ್ಲದೆ ನಂಬಿದೆ."